ಮೊದಲು ನನ್ನ ಮುಂದೆ ಹೇಳು

ಅವರ ಬಲಗಿವಿ ಎಡಗಿವಿಗಿಂತ ಕಪ್ಪಗಿತ್ತು. ದಿನವೆಲ್ಲ ಫೋನಿನ ರಿಸೀವರ್ ಒತ್ತಿಕೊಂಡು ಒತ್ತಿಕೊಂಡು ಕಿವಿಯ ಮೇಲಂಚು ಚಪ್ಪಟೆಯಾಗಿ, ಅಲ್ಲೊಂದು ಹುಣಸೆಬೀಜದ ಗಾತ್ರದ ಜಡ್ಡು ಬಿದ್ದಿತ್ತು. ಗುದ್ದಲಿ ಹಿಡಿಯುವವರಿಗೆ ಅಂಗೈಯಲ್ಲಿ ಬೀಳುವ ಜಡ್ಡು ಅವರಿಗೆ ಕಿವಿಯಲ್ಲಿ ಬಿದ್ದಿತ್ತು. ಎದುರಿಗಿರುವವರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿದರೆ ಆ ಜಡ್ಡನ್ನು ಹೆಬ್ಬೆಟ್ಟಿನಲ್ಲಿ ಉಜ್ಜುತ್ತಿದ್ದರು. ಅವರ ಹತ್ತಿರ ಮಾತಾಡುವಾಗ ನಾನು ಮುಖ ನೋಡುತ್ತಿರಲಿಲ್ಲ, ಕಿವಿ ನೋಡುತ್ತಿದ್ದೆ.

ನಾವು ಅವರನ್ನು ಬೂತಿನಯ್ಯ ಅನ್ನುತ್ತಿದ್ದೆವು. ನಮ್ಮದು ತಮಿಳುನಾಡಿಗೆ ಸೇರಿದ, ಕನ್ನಡ ಮಾತಾಡುವ ಬೆಟ್ಟ. ತಾಳವಾಡಿಯಿಂದ ನಮ್ಮೂರಿಗೆ ಬರುವ ರಸ್ತೆಯಲ್ಲಿ, ಬಸ್ಸು ನಿಲ್ಲುವ ಕಡೆ, ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಅವರದು. ಮಗುವಾಗಿದ್ದಾಗ ಜ್ವರ ಬಂದು ಎಡಗಾಲು ಬತ್ತಿಹೋಗಿತ್ತಂತೆ. ಕಾಲು ಊನ ಅಂತ ಸರ್ಕಾರದವರು ಬೂತು ಕೊಟ್ಟಿದ್ದರು. ಮದುವೆ ಆಗಿರಲಿಲ್ಲ. ಎರಡು ಹೊತ್ತಿನ ಊಟ ಅಣ್ಣನ ಮನೆಯಿಂದ ಕ್ಯಾರಿಯರಿನಲ್ಲಿ ಬರುತ್ತಿತ್ತು. ಆ ಅಣ್ಣ ಆಲೂಗಡ್ಡೆ, ಕೋಸು ಬೆಳೆಯುವವರು, ಊರಲ್ಲಿ ಮಾತು ನಡೆಯುವವರು. ನಾವು ಅವರ ಹೊಲದಲ್ಲಿ ಆಲೂಗಡ್ಡೆ ಕೀಳುವವರು. ಅವರ ಮನೆಗಳು ಊರೊಳಗೆ, ನಮ್ಮ ಕೇರಿ ಊರಾಚೆ. ಇದನ್ನು ಇನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಒಳ್ಳೆಯ ಮನುಷ್ಯ ಅಂತ ಮೊದಲೇ ಬರೆದುಬಿಟ್ಟರೆ ಸುಳ್ಳಾಗುತ್ತದೆ. ಬಾಯಿ ಕೆಟ್ಟದ್ದು. ನಾನು ಅವರಿಗಿಂತ ಹಿರಿಯಳು, ಆದರೂ ಊರೊಳಗಿನ ಎಲ್ಲರ ಹಾಗೆ ‘ಏನಮ್ಮೀ’ ಅಂತಲೇ ಕೂಗುತ್ತಿದ್ದರು. ನಾನು ‘ಬುದ್ದಿ’ ಅನ್ನುತ್ತಿದ್ದೆ. ಅದು ಹಾಗೇ ನಡೆದುಬಂದಿತ್ತು.

ಅವರದೊಂದು ಪದ್ಧತಿ ಇತ್ತು. ಬೂತಿಗೆ ಹೋದ ಕೂಡಲೇ ನಂಬರ್ ಹಾಕಿಕೊಡುತ್ತಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂರಿಸಿ, “ಏನ್ ಯೇಳ್ಬೇಕು ಅಂತ ಬಂದಿದ್ದೀಯ? ಮೊದ್ಲು ನನ್ ಮುಂದೆ ಯೇಳು” ಅನ್ನುವರು. ಹೇಳಬೇಕಾದ್ದನ್ನು ಅವರ ಮುಂದೆ ಒಂದು ಸಲ ಹೇಳಿ ಮುಗಿಸಿದ ಮೇಲೇ ಫೋನು. ಸುತ್ತಿ ಬಳಸಿ ಹೇಳಿದರೆ ಮತ್ತೆ ಮೊದಲಿಂದ.

ಒಂದು ಸಲ ನಮ್ಮ ಕೇರಿಯ ಹೆಂಗಸೊಬ್ಬಳು ತಿರುಪ್ಪೂರಿನ ಬನಿಯನ್ ಮಿಲ್ಲಿನಲ್ಲಿದ್ದ ಗಂಡನಿಗೆ ಫೋನ್ ಮಾಡಲು ಬಂದು, ಬಂದಾಗಿಂದ ಅಳುತ್ತಿದ್ದಳು.

“ಅಳಾದ್ನೆಲ್ಲ ಬೆಂಚ್ ಮ್ಯಾಲೇ ಮುಗ್ಸು ತಾಯಿ” ಅಂದರು. “ಒಳುಕ್ಕೆ ಬರೀ ಮಾತು ಬರ್ಲಿ. ಅಳು ಯಾವ್ದು ಮಾತು ಯಾವ್ದು ಅಂತ ಮೀಟರ್‌ಗೆ ಗೊತ್ತಾಗಲ್ಲ.”

ಅವಳು ಮೂಗು ಒರೆಸಿಕೊಂಡು, “ಹಸ ಈಯ್ತು. ಹೆಣ್ಗರು. ನೀನು ಬರ್ಬೇಡ, ನಾನೇ ನೋಡ್ಕತೀನಿ” ಅಂದಳು.

“ಇದ್ಕೆ ಇಷ್ಟೊತ್ತು ಅತ್ತ್ಯಾ? ಗಂಡ ಎಲ್ಲಿ ಬಂದ್ಬುಟ್ಟಾನು ಅಂತ ಅತ್ಯೇನೋ!”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ನಗುತ್ತಲೇ ಒಳಗೆ ಹೋಗಿ ಮಾತಾಡಿ ಬಂದಳು.

ಇನ್ನೊಂದು ಕಟ್ಟಳೆ ಆಮೇಲೆ ಬಂತು. ನಮ್ಮ ಕಡೆ ಸಾವಾದರೆ ದೂರದಲ್ಲಿರುವವರಿಗೆ ‘ಸತ್ತರು’ ಅನ್ನುವುದಿಲ್ಲ. ‘ಹುಷಾರಿಲ್ಲ, ಕೂಡಲೇ ಹೊರಟು ಬಾ’ ಅನ್ನುತ್ತೇವೆ. ದಾರಿಯಲ್ಲಿ ಒಬ್ಬರೇ ಎದೆ ಬಡಿದುಕೊಳ್ಳದಿರಲಿ ಅಂತ. ಕೇಳಿದವರಿಗೂ ಅರ್ಥವಾಗುತ್ತದೆ, ಆದರೂ ಬಸ್ಸಿನಲ್ಲಿ ಕೂತಷ್ಟು ಹೊತ್ತು ಒಂದು ಆಸೆ ಇರುತ್ತದೆ. ಬೂತಿನಯ್ಯನೇ ಎಷ್ಟೋ ಮನೆಗಳ ಪರವಾಗಿ ಹಾಗೆ ಫೋನ್ ಮಾಡಿದ್ದರು. ಒಂದು ದೀಪಾವಳಿ ಕಳೆದ ಮೇಲೆ ಅದನ್ನು ನಿಲ್ಲಿಸಿಬಿಟ್ಟರು. ತಾಳಮಲೆ ಕಡೆಯವನೊಬ್ಬ ತಾಯಿ ಸತ್ತ ದಿನ ಬಂದು, ಕೊಯಮತ್ತೂರಿನಲ್ಲಿದ್ದ ತಮ್ಮನಿಗೆ ‘ಅವ್ವನಿಗೆ ಉಷಾರಿಲ್ಲ’ ಅಂತ ಶುರು ಮಾಡಿದ. ಇವರು ಕೈ ಚಾಚಿ ಲೈನ್ ಕತ್ತರಿಸಿದರು.

“ಸತ್ಲು ಅನ್ನು. ಇಲ್ದಿದ್ರೆ ನನ್ ಫೋನ್ ಮುಟ್ಬೇಡ ಕಣ್ಲಾ.”

“ಅದೆಂಗ್ ಅನ್ಲಿ ಅಯ್ಯ? ಸಣ್ಣವ್ನು ಅವ್ನು, ಬಸ್ಸಲ್ಲೇ ಏನಾರ ಆದ್ರೆ?”

“ಏನಾರ ಆಗ್ಲಿ. ಸುಳ್ಳು ಯೇಳಿ ಕರೀಬೇಡ.”

ಅವನು ಬೈದುಕೊಂಡು ತಾಳವಾಡಿಗೆ ಹೋಗಿ ಫೋನ್ ಮಾಡಿದ. ಕುಂಟನಿಗೆ ತಲೆ ಕೆಟ್ಟಿದೆ ಅಂತ ಊರವರು ಆಡಿಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ. ಕಾರಣ ಗೊತ್ತಾದದ್ದು ಆಮೇಲೆ.

ನನ್ನ ಮಗಳು ಹೆರಿಗೆಯಲ್ಲಿ ತೀರಿಕೊಂಡಳು. ಅವಳ ಕೂಸನ್ನು ಸಾಕಿದವಳು ನಾನು. ಆ ಮೊಮ್ಮಗಳು ದೊಡ್ಡವಳಾಗಿ ನನ್ನ ಜೊತೆಯೇ ಕೂಲಿಗೆ ಬರುತ್ತಿದ್ದಳು. ಬೂತಿನಯ್ಯನ ಅಣ್ಣನ ಮಗ ಟ್ರಾಕ್ಟರ್ ಓಡಿಸುತ್ತಿದ್ದ. ಆಲೂಗಡ್ಡೆ ಹೊಲದಲ್ಲಿ ಅವರಿಬ್ಬರೂ ಮಾತಾಡಿಕೊಂಡದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಬೈದೆ, ಹೊಡೆದೆ. ಪ್ರಯೋಜನವಾಗಲಿಲ್ಲ. ಬಣ್ಣಾರಿ ಅಮ್ಮನ ಗುಡಿಗೆ ಹೋಗಿ ದೇವಿಯ ಮುಂದೆ ತಾಳಿ ಕಟ್ಟಿಕೊಂಡು ಸತ್ಯಮಂಗಲದಲ್ಲಿ ಒಂದು ಕೋಣೆ ಹಿಡಿದರು. ಅವನು ಹೂವಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಹೊಲದ ಒಡೆಯನ ಮಗ ಮಲ್ಲಿಗೆ ಮೂಟೆ ಹೊರುತ್ತಾನೆ ಅಂತ ಊರು ನಕ್ಕಿತು. ಅವನ ಅಪ್ಪ ನಗಲಿಲ್ಲ.

ಆ ದೀಪಾವಳಿ ಆದ ಮೇಲೆ, ಗುಮಟಾಪುರದಲ್ಲಿ ಸಗಣಿ ಹಬ್ಬ ನಡೆಯುವ ದಿನ, ಮಾರ್ಕೆಟ್ಟಿನ ಫೋನಿಗೆ ಊರಿಂದ ಕರೆ ಬಂತು. ಅವ್ವನಿಗೆ ಹುಷಾರಿಲ್ಲ, ಬಾ. ಹುಡುಗ ಕೋಣೆಗೂ ಹೋಗದೆ, ಜೊತೆಗಾರನ ಕೈಲಿ ಹೆಂಡತಿಗೆ ಹೇಳಿಕಳಿಸಿ, ಅಲ್ಲಿಂದಲೇ ದಿಂಬಂ ಘಾಟಿ ಹತ್ತಿ ಬಂದ. ಮಾರನೇ ದಿನ ಅವರ ಹೊಲದ ಬಾವಿಯಲ್ಲಿ ಹೆಣ ತೇಲಿತು. ಕುಡಿದು ಬಿದ್ದ ಅಂದರು. ಆ ಹುಡುಗ ಕುಡಿಯುವವನಲ್ಲ. ನನ್ನ ಮೊಮ್ಮಗಳು ಬರುವುದರೊಳಗೆ ಮಣ್ಣು ಮಾಡಿಬಿಟ್ಟಿದ್ದರು. ಅವಳನ್ನು ಊರ ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದರು. ವಾರ ಕಳೆಯುವುದರೊಳಗೆ ಗಂಡಸರು ಸತ್ಯಮಂಗಲಕ್ಕೂ ಹೋಗಿ ಅವಳನ್ನು ಹುಡುಕಿದರು. ಅವಳು ಕೊಯಮತ್ತೂರಿಗೆ ಓಡಿ, ಒಬ್ಬ ಏಜೆಂಟನ ಕೈ ಹಿಡಿದು, ದುಬೈ ಕಡೆ ಮನೆಗೆಲಸಕ್ಕೆ ಹೋದಳು. ಆ ಮನೆಯವರು ಲಂಡನ್ನಿಗೆ ಹೊರಟಾಗ ಇವಳನ್ನೂ ಕರೆದೊಯ್ದರಂತೆ. ಅಲ್ಲಿ ಹೊಡೆತ ತಾಳಲಾರದೆ ಉಟ್ಟ ಬಟ್ಟೆಯಲ್ಲಿ ಬೀದಿಗೆ ಓಡಿದಳು. ಯಾರೋ ಪುಣ್ಯವಂತ ಹೆಂಗಸರು ಸೇರಿಸಿಕೊಂಡು ಒಬ್ಬ ವಕೀಲಮ್ಮನನ್ನು ಮಾಡಿಕೊಟ್ಟರು.

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಬದುಕಿದ್ದಾಳೋ ಇಲ್ಲವೋ ಅನ್ನುವುದೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಬೂತಿನಯ್ಯ ಕೋಲೂರಿಕೊಂಡು ನಮ್ಮ ಕೇರಿಗೆ ಬಂದರು. ಯಾರಿಗಾದರೂ ಫೋನ್ ಬಂದರೆ ದಾರಿಯಲ್ಲಿ ಹೋಗುವವರ ಕೈಲಿ ಹೇಳಿಕಳಿಸುವುದು ವಾಡಿಕೆ. ಆವತ್ತು ಯಾರ ಕೈಲೂ ಹೇಳಿಕಳಿಸಿರಲಿಲ್ಲ. ನಮ್ಮ ಕೇರಿಯೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ನಾನು ರಾಗಿ ಕೇರುತ್ತಿದ್ದೆ. ಹತ್ತಿರ ಬಂದು ದನಿ ತಗ್ಗಿಸಿ, “ನಿನ್ ಮೊಮ್ಮಗ್ಳು. ತಿರ್ಗಾ ಮಾಡ್ತಾಳಂತೆ. ನಡಿ. ಮೊಖ ಸರಿ ಮಾಡ್ಕ, ದಾರಿಯಲ್ಲಿ ಯಾರ್ಗೂ ಗೊತ್ತಾಗ್ಬಾರ್ದು” ಅಂದರು.

ಸತ್ತ ಹುಡುಗನ ಚಿಕ್ಕಪ್ಪನ ಬೂತಿಗೇ ಅವಳು ಫೋನ್ ಮಾಡಿದ್ದಳು. ಬೇರೆ ನಂಬರ್ ಅವಳಿಗೆ ಬಾಯಿಗೆ ಬರುತ್ತಿರಲಿಲ್ಲ. ನಮಗೆ ಬೇರೆ ಫೋನೂ ಇರಲಿಲ್ಲ.

ಅವಳು ಹೇಳಿದ್ದು ಇಷ್ಟು. ಆ ದೇಶದ ಆಫೀಸಿನವರು ಒಂದು ದಿನ ಕೂರಿಸಿ ಪ್ರಶ್ನೆ ಕೇಳುತ್ತಾರೆ. ಊರಿಗೆ ಹೋದರೆ ಜೀವಕ್ಕೆ ಅಪಾಯ ಅಂತ ಅವಳ ಮಾತು ನಂಬಿದರೆ ಅಲ್ಲೇ ಇರಗೊಡುತ್ತಾರೆ. ನಂಬದಿದ್ದರೆ ವಿಮಾನ ಹತ್ತಿಸಿ ವಾಪಸ್ ಕಳಿಸುತ್ತಾರೆ. ಇವಳಿಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೆ ನಡುವೆ ಇವಳ ಮಾತನ್ನು ಇಂಗ್ಲಿಷಿಗೆ ಬದಲಿಸಿ ಹೇಳುವವರನ್ನು ಅವರೇ ಕೂರಿಸುತ್ತಾರೆ. ಪಾಸ್‌ಪೋರ್ಟಿನಲ್ಲಿ ತಮಿಳುನಾಡು ಅಂತ ಇತ್ತಲ್ಲ, ತಮಿಳಿನವರನ್ನು ಕೂರಿಸಿದ್ದರು.

“ತಮಿಳು ಬತ್ತದಲ್ಲ ನಿಂಗೆ?” ಅಂದೆ.

“ಸಂತೇಲಿ ಬೆಲೆ ಕೇಳಕ್ಕೆ ಬತ್ತದೆ ಅಜ್ಜಿ. ಗಂಡನ್ನ ಎಂಗ್ ಸಾಯ್ಸುದ್ರು ಅಂತ ಯೇಳಕ್ಕೆ ಬರಲ್ಲ. ಅವ್ರ ತಮಿಳೂ ನಮ್ ಸತ್ಯಮಂಗಲದ್ದಲ್ಲ. ಕೇಳಿದ್ಕೆಲ್ಲ ಆಮಾ ಆಮಾ ಅಂದ್ಬುಟ್ಟೆ.”

ಬೂತಿನಯ್ಯ ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡರು. “ಯಾಕಮ್ಮೀ ಎಲ್ಲಾದ್ಕೂ ಊಂ ಅಂದೆ?”

ಆ ಕಡೆಯ ದನಿ ನನಗೂ ಕೇಳಿಸಿತು. “ದೊಡ್ಡೋರು ಕೇಳ್ದಾಗ ಇನ್ನೇನ್ ಅನ್ನದು ಬುದ್ದಿ?”

ಅವರ ಕೈ ಕಿವಿಯ ಜಡ್ಡಿನವರೆಗೆ ಹೋಯಿತು, ಉಜ್ಜಲಿಲ್ಲ. ಆಮೇಲೆ, “ವಕೀಲಮ್ಮಂಗೆ ಯೇಳು, ಕನ್ನಡದೋರು ಬೇಕು ಅಂತ. ತಮಿಳ್ನಾಡಲ್ಲೂ ಕನ್ನಡ ಮಾತಾಡೋ ಬೆಟ್ಟ ಅದೆ ಅಂತ ಯೇಳು” ಅಂದರು.

ವಕೀಲಮ್ಮ ಹಾಗೇ ಮಾಡಿದಳು. ಎರಡನೇ ಸಲ ಕನ್ನಡದವರೊಬ್ಬರನ್ನು ಕೂರಿಸಿದರು. ದೊಡ್ಡ ಊರಿನ ಹೆಂಗಸು, ಚೆನ್ನಾಗಿ ಮಾತಾಡಿಸಿದರಂತೆ, ಬಿಸಿ ಕಾಫಿ ತಂದುಕೊಟ್ಟರಂತೆ. ಆಫೀಸರು ಬರುವ ಮೊದಲು ಸುಮ್ಮನೆ ಕೂತಿದ್ದಾಗ ಕೇಳಿದರಂತೆ: “ಯಾವ ಊರಮ್ಮ? ಯಾರ ಪೈಕಿ ನೀವು? ಆ ಕಡೆ ನಮ್ಮವರೇ ಜಾಸ್ತಿ ಅಲ್ವಾ?”

ಅಷ್ಟೇ. ನನ್ನ ಮೊಮ್ಮಗಳ ಬಾಯಿ ಕಟ್ಟಿಹೋಯಿತು. ‘ನಮ್ಮವರು’ ಅಂದರೆ ಯಾರು ಅಂತ ಅವಳಿಗೆ ತಿಳಿಯಿತು. ಅವಳು ಹೇಳಬೇಕಾದದ್ದು ಅವರ ಮೇಲೆಯೇ. ಆಫೀಸರು ಕೇಳಿದ್ದಕ್ಕೆಲ್ಲ ತಲೆ ಬಗ್ಗಿಸಿ ಕೂತಳು. ಮೈ ಸರಿ ಇಲ್ಲ ಅಂತ ಹೇಳಿ ವಕೀಲಮ್ಮ ಎಬ್ಬಿಸಿಕೊಂಡು ಬಂದಳು.

ಆ ಹೆಂಗಸನ್ನು ನಾನು ದೂರುವುದಿಲ್ಲ. ತಾಳವಾಡಿ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಕೇಳುವ ಮೊದಲ ಮಾತೇ ಅದು. ಕೆಟ್ಟದ್ದಕ್ಕೆ ಕೇಳುವುದಿಲ್ಲ, ಬಾಯಿ ಅಭ್ಯಾಸ. ಕೇಳಿಸಿಕೊಳ್ಳುವವರು ಮಾತ್ರ ಸೀಟಿನಲ್ಲಿ ಒಂದು ಗೇಣು ಸರಿದು ಕೂರಬೇಕಾಗುತ್ತದೆ. ಹೊಳೆ ಸಮುದ್ರ ದಾಟಿದರೂ ಅದು ದಾಟಿಕೊಂಡು ಬಂತಲ್ಲ ಅಂತ ಅನ್ನಿಸಿತು.

ಆಫೀಸಿನವರು ಇನ್ನೊಂದೇ ಸಲ ಅಂದರು. ಎಂಥವರು ಬೇಕೋ ನೀವೇ ಹುಡುಕಿಕೊಡಿ, ನೋಡುತ್ತೇವೆ ಅಂತ ಅವರು ಒಪ್ಪುವ ತನಕ ವಕೀಲಮ್ಮ ಜಗಳವಾಡಿದಳು.

ಆ ಸುದ್ದಿ ಬಂದ ದಿನ ಬೂತಿನಯ್ಯ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು.

“ಇಲ್ಲಿ ಕೇಳಮ್ಮೀ. ಅವ್ಳು ಗೆದ್ರೆ ಈ ದೇಶಕ್ಕೆ ತಿರ್ಗಾ ಕಾಲಿಕ್ಕಂಗಿಲ್ಲ. ಜೀವ ಭಯ ಅಂತ ಅಂದ್ಮೇಲೆ ಬಂದೋಗದು ಎಂಗೆ? ನೀನು ಅವ್ಳ ಮೊಖ ನೋಡಲ್ಲ. ಸೋತ್ರೆ ಬತ್ತಾಳೆ. ಬಂದ್ರೆ ಏನಾಯ್ತದೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ಇನ್ನೊಂದ್ ಗಳಿಗೇಲಿ ಫೋನ್ ಬತ್ತದೆ. ಏನ್ ಯೇಳ್ತೀಯ?”

ನಾನು ಫೋನಿನ ಕಡೆ ನೋಡಿದೆ.

“ಮೊದ್ಲು ನನ್ ಮುಂದೆ ಯೇಳು.”

“ಬರ್ಬೇಡ ಅಂತೀನಿ” ಅಂದೆ.

“ದನಿ ನಡುಗ್ತು. ಇಂಗಂದ್ರೆ ಅವ್ಳು ಬಂದ್ಬುಡ್ತಾಳೆ. ಇನ್ನೊಂದ್ಸಾರಿ.”

“ಬರ್ಬೇಡ.”

“ಇನ್ನೊಂದ್ಸಾರಿ.”

ದನಿ ಗಟ್ಟಿಯಾಗುವ ತನಕ ಹೇಳಿಸಿದರು. ಅವರ ಮೇಲೆ ಕೋಪ ಬಂತು. ಆ ಕೋಪದಲ್ಲೇ ದನಿ ಗಟ್ಟಿಯಾಯಿತು. ಫೋನ್ ಬಂದಾಗ ಕಲ್ಲಿನ ಹಾಗೆ ಹೇಳಿದೆ. “ನೀನು ಗೆಲ್ಲು. ಬರ್ಬೇಡ.” ಅವಳು ಆಗಲಿ ಅಂದಳು.

ಆಮೇಲೆ ಅವರು ಆಳು ಹುಡುಕಲು ಕೂತರು. ನಮ್ಮ ಮಾತು ಆಡುವವರಾಗಿರಬೇಕು. ಇಂಗ್ಲಿಷ್ ಬರಬೇಕು. ಆ ದೇಶದಲ್ಲೇ ಇರಬೇಕು. ‘ಯಾರ ಪೈಕಿ’ ಅಂತ ಕೇಳಿದರೆ ನಮ್ಮ ಹಾಗೇ ಸೀಟಿನಲ್ಲಿ ಸರಿದು ಕೂತವರಾಗಿರಬೇಕು. ಅಂಥವರು ಎಲ್ಲಿ ಸಿಗುತ್ತಾರೆ? ಈ ಬೆಟ್ಟದಿಂದ, ಗಡಿಯಾಚೆಯ ಚಾಮರಾಜನಗರ, ಕೊಳ್ಳೇಗಾಲದಿಂದ ಯಾರ ಮಕ್ಕಳು ಎಲ್ಲೆಲ್ಲಿದ್ದಾರೆ ಅನ್ನುವುದು ಅವರ ಕಿವಿಯಲ್ಲೇ ಹಾದುಹೋಗಿತ್ತಲ್ಲ. ನೆನಪು ಮಾಡಿಕೊಂಡು, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಒಬ್ಬೊಬ್ಬರಿಗೇ ಫೋನ್ ಹಾಕಿದರು. ನಾನು ಕೂಲಿ ಮುಗಿಸಿ ಬಂದು ಬೆಂಚಿನ ಮೇಲೆ ಕೂರುವುದು, ಅವರು ಒಳಗಿಂದ ತಲೆ ಅಲ್ಲಾಡಿಸುವುದು. ಕೊನೆಗೆ ಜೀರಹಳ್ಳಿಯ ನಮ್ಮವರ ಕೇರಿಯ ಒಬ್ಬ ಮುದುಕಿ ಯಾವಾಗಲೋ ಬಂದು ತಂಗಿಯ ಮಗಳಿಗೆ ಫೋನ್ ಮಾಡಿದ್ದು ಅವರಿಗೆ ನೆನಪಾಯಿತು. ಆ ಹುಡುಗಿ ಕೊಳ್ಳೇಗಾಲದ ಕಡೆಯವಳು, ಈಗ ಲಂಡನ್ನಿನಲ್ಲಿ ನರ್ಸು.

ಆ ನರ್ಸು, ತನ್ನಿಂದ ಆಗುವುದಿಲ್ಲ ಅಂದಳು. ಇವರು ಕೇಳಿಸಿಕೊಂಡು ನನಗೆ ಹೇಳಿದರು. ಅಲ್ಲಿನ ಕನ್ನಡದವರಿಗೆ ಯಾರಿಗೂ ತಾನು ಯಾವ ಕೇರಿಯವಳು ಅಂತ ಅವಳು ಹೇಳಿರಲಿಲ್ಲ. ಹಬ್ಬಕ್ಕೆ ಕರೆಯುತ್ತಾರೆ, ಜೊತೆಗೆ ಕೂತು ಉಣ್ಣುತ್ತಾರೆ. ಈ ಕೆಲಸಕ್ಕೆ ಬಂದರೆ ಎಲ್ಲ ಆಚೆ ಬರುತ್ತದೆ ಅಂತ ಅವಳಿಗೆ ಹೆದರಿಕೆ.

ನಾನು, “ಅವ್ಳ ಪಾಡು ಅವ್ಳಿಗೆ, ಬುಟ್ಬುಡಿ ಬುದ್ದಿ” ಅಂದೆ.

ಅವರು ಬಿಡಲಿಲ್ಲ. ಮತ್ತೆ ಫೋನ್ ಹಾಕಿ ಹೇಳಿದರು: “ನೀನು ಮುಚ್ಕಂಡಿರದು ನಿನ್ ಅತ್ರಾನೇ ಇರ್ಲಿ ತಾಯಿ, ಅದ್ನ ಯಾರೂ ಕೇಳಲ್ಲ. ಅವ್ಳ ಮಾತ ಈ ಕಿವಿಲಿ ತಕಂಡು ಆ ಕಡೆ ಕೊಟ್ಬುಡು. ನಾನು ಜೀವನ್ವೆಲ್ಲ ಮಾಡಿರದು ಅದೊಂದೇ ಕೆಲ್ಸ. ಅದ್ರಿಂದ ಯಾರೂ ಸಾಯಲ್ಲ.”

ಹಾಗೆ ಅಂದದ್ದೇ ರಿಸೀವರ್ ಹಿಡಿದ ಕೈ ಕೆಳಗಿಳಿಯಿತು. ಆಮೇಲೆ ಮತ್ತೆ ಕಿವಿಗೆ ಇಟ್ಟುಕೊಂಡು, “ಇಲ್ಲ, ಸಾಯ್ತಾರೆ. ಅದ್ಕೇ ಸರಿಯಾಗ್ ಮಾಡ್ಬೇಕು” ಅಂದರು.

ಏನು ಮಾತು ಇದು ಅಂತ ನನಗೆ ತಿಳಿಯಲಿಲ್ಲ. ನರ್ಸಿಗೂ ತಿಳಿದಿರಲಾರದು. ಆದರೆ ಅವಳು ಒಪ್ಪಿದಳು.

ಪ್ರಶ್ನೆ ಕೇಳುವ ದಿನಕ್ಕೆ ಮೊದಲು ಬೂತಿನಯ್ಯ ಮೊಮ್ಮಗಳಿಗೆ ಫೋನ್ ಮಾಡಲು ಹೇಳಿದರು. ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಅವರಿಗೆ ಹೇಳಬೇಕು ಅಂತ.

“ನಿಮ್ ಮುಂದೆ ಎಂಗ್ ಯೇಳ್ಲಿ ಬುದ್ದಿ?” ಅಂದಳಂತೆ.

“ನಾನು ಆ ಮನೆಯವ್ನು ಅಂತಲ್ವಾ? ಅದ್ಕೇ ನನ್ ಮುಂದೆ ಯೇಳು. ನನ್ ಮುಂದೆ ಯೇಳ್ದ್ರೆ ಯಾರ್ ಮುಂದೆ ಬೇಕಾರೂ ಯೇಳ್ಬೋದು. ಮೊದ್ಲು ಆ ಬುದ್ದಿ ಅನ್ನದ ಬುಡು. ಆಫೀಸರ್‌ಗೂ ಬುದ್ದಿ ಅಂದ್ಬುಟ್ಟೀಯ. ಅವ್ನು ಕೇಳೋನು, ನೀನು ಯೇಳೋಳು. ಅಷ್ಟೇ.”

ಬಾಗಿಲಿಗೆ ಅಡ್ಡ ಕೋಲಿಟ್ಟು ಯಾರನ್ನೂ ಒಳಗೆ ಬಿಡಲಿಲ್ಲ. ನಾನು ಬೆಂಚಿನ ಮೇಲೆ. ಅವಳ ಮಾತು ನನಗೆ ಕೇಳುತ್ತಿರಲಿಲ್ಲ. ಇವರದೊಂದೇ ಮಾತು ಕೇಳುತ್ತಿತ್ತು. “ಆಮೇಲೆ?” ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಆಮೇಲೆ?” ಅವಳು ಅವರ ಅಣ್ಣನ ಹೆಸರು ಹೇಳಿರಬೇಕು, ಹೊಲ, ಬಾವಿ, ಊರ ಬಾಗಿಲು ಎಲ್ಲ ಹೇಳಿರಬೇಕು. ಒಂದು ಸಲವೂ ಇವರು ಹಾಗಲ್ಲ ಅನ್ನಲಿಲ್ಲ, ಸುಳ್ಳು ಅನ್ನಲಿಲ್ಲ. ಕಿವಿಯನ್ನೂ ಉಜ್ಜಲಿಲ್ಲ.

ಒಂದು ಕಡೆ ತಡೆದರು.

“ಯಾರೋ ಅನ್ಬೇಡ” ಅಂದರು. “ಯಾರೋ ಫೋನ್ ಮಾಡಿ ಅವ್ವಂಗೆ ಉಷಾರಿಲ್ಲ ಅಂದ್ರು ಅಂತ ಯೇಳ್ಬೇಡ. ಫೋನ್ ಮಾಡ್ದೋನು ನಾನು.”

ನಾನು ಎದ್ದು ನಿಂತೆ.

“ಅವತ್ತು ನಮ್ಮತ್ಗೆ ಗುಂಡ್ಕಲ್ಲಂಗಿದ್ಳು. ಅಣ್ಣ ಬಂದು ಇಂಗ್ ಯೇಳು ಅಂದ, ಯೇಳ್ದೆ. ಕರ್ಸಿ ಬಯ್ದು ಕಳುಸ್ತಾರೆ ಅಂದ್ಕಂಡಿದ್ದೆ. ಬ್ಯಾರೆ ಯಾರ್ ಮಾಡಿದ್ರೂ ಅವ್ನು ನಂಬ್ತಿರ್ನಿಲ್ಲ. ಚಿಕ್ಕಪ್ಪನ್ ದನಿ ಅಂತ ನಂಬ್ದ. ಇದ್ನೂ ಯೇಳು. ನನ್ ಎಸ್ರು ಯೇಳಿ ಯೇಳು. ಬರ್ದು ಕೊಡು ಅಂದ್ರೂ ಬರ್ದು ಕೊಡ್ತೀನಿ.”

ಇವರು ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದರು. ಆಮೇಲೆ ಅವರೇ, ಗಿರಾಕಿಗೆ ಹೇಳುವ ದನಿಯಲ್ಲೇ, “ಆಮೇಲೆ?” ಅಂದರು.

ನನ್ನ ಸೊಂಟದಲ್ಲಿ ಕುಡುಗೋಲಿತ್ತು. ಸುಳ್ಳು ಯಾಕೆ ಹೇಳಲಿ, ಅದರ ಮೇಲೆ ಕೈ ಹೋಯಿತು. ಹೊಡೆಯಲಿಲ್ಲ. ಬೈಯಲೂ ಇಲ್ಲ. ಮನೆಗೆ ನಡೆದುಬಿಟ್ಟೆ. ಮಾರನೇ ದಿನ ಮತ್ತೆ ಹೋಗಿ ಅದೇ ಬೆಂಚಿನ ಮೇಲೆ ಕೂತೆ. ಮೊಮ್ಮಗಳ ಫೋನ್ ಅಲ್ಲಿಗೇ ಬರಬೇಕಿತ್ತು. ಕೋಪ ಮಾಡಿಕೊಳ್ಳುವುದಕ್ಕೂ ನಮಗೆ ಬೇರೆ ಜಾಗ ಇರಲಿಲ್ಲ.

ಆಫೀಸಿನವರು ಪ್ರಶ್ನೆ ಕೇಳಿದ ದಿನ ಅವಳು ಎಲ್ಲವನ್ನೂ ಹೇಳಿದಳಂತೆ. ನರ್ಸು ಒಂದು ಮಾತು ಹೆಚ್ಚು ಸೇರಿಸಲಿಲ್ಲ, ಒಂದು ಮಾತು ಕಡಿಮೆ ಮಾಡಲಿಲ್ಲ. ಮುಗಿದ ಮೇಲೆ ಹೊರಗೆ ಬಂದು ಇಬ್ಬರೂ ಮೆಟ್ಟಿಲ ಮೇಲೆ ಕೂತರಂತೆ. ಆಗ ನರ್ಸು ತಾನಾಗಿಯೇ ತನ್ನ ಊರು, ತನ್ನ ಕೇರಿ ಹೇಳಿದಳಂತೆ.

ಅಲ್ಲಿಯ ವಕೀಲಮ್ಮ ಕೇಳಿದಳು ಅಂತ ಬೂತಿನಯ್ಯ ಸತ್ಯಮಂಗಲಕ್ಕೆ ಹೋಗಿ, ವಕೀಲರ ಮುಂದೆ ಕೂತು, ತಾನು ಮಾಡಿದ ಫೋನಿನ ವಿಷಯ ಬರೆಸಿ ಸಹಿ ಹಾಕಿ ಕಳಿಸಿದರು. ಬಂದವರು ಅದನ್ನು ಮುಚ್ಚಿಡಲಿಲ್ಲ. ಬಸ್ಸಿಳಿದು ನೇರ ಅಣ್ಣನ ಜಗಲಿಗೆ ಹೋಗಿ ನಿಂತು ಹೇಳಿದರಂತೆ. ಅಲ್ಲಿ ಏನು ನಡೆಯಿತೋ ನಾನು ನೋಡಿದವಳಲ್ಲ. ಮಾರನೇ ದಿನ ಅವರ ತುಟಿ ಒಡೆದಿತ್ತು, ಕೋಲು ಮುರಿದಿತ್ತು. ಆವತ್ತಿಂದ ಕ್ಯಾರಿಯರ್ ಬರುವುದು ನಿಂತಿತು. ಊರೊಳಗಿನವರು ಫೋನ್ ಮಾಡಲು ತಾಳವಾಡಿಗೆ ಹೋಗತೊಡಗಿದರು. ಇಲ್ಲಿ ಯಾರೂ ಯಾವ ಕೇಸನ್ನೂ ಹಾಕಲಿಲ್ಲ. ಬಾವಿ ಬಾವಿಯಾಗೇ ಇದೆ, ಅದರ ನೀರಲ್ಲೇ ಕೋಸು ಬೆಳೆಯುತ್ತದೆ.

ಎಷ್ಟೋ ತಿಂಗಳಾದ ಮೇಲೆ ಫೋನ್ ಬಂತು. ಅವರು ಕೇಳಿಸಿಕೊಂಡು, ರಿಸೀವರಿನ ಬಾಯಿಗೆ ಕೈ ಮುಚ್ಚಿ, “ಅಲ್ಲೇ ಇರ್ಬೋದಂತೆ” ಅಂದರು. ನನ್ನ ಮುಖ ನೋಡಲಿಲ್ಲ. ನನಗೂ ಗೊತ್ತಿತ್ತು, ನಾನು ಗೆದ್ದು ಕಳೆದುಕೊಂಡೆ ಅಂತ. ಫೋನ್ ತೆಗೆದುಕೊಂಡು, ಚಳಿಗೆ ತಲೆಗೆ ಬಟ್ಟೆ ಕಟ್ಟಿಕೋ ಅಂತ ಹೇಳಿ ಇಟ್ಟುಬಿಟ್ಟೆ.

ಕ್ಯಾರಿಯರ್ ನಿಂತ ಮೇಲೆ ಅವರು ಬಿಸ್ಕತ್ತು, ಬಾಳೆಹಣ್ಣು ತಿಂದುಕೊಂಡು ಬೂತಿನಲ್ಲೇ ಮಲಗುತ್ತಿದ್ದರು. ಮೈ ಇಳಿದುಹೋಯಿತು. ನಮ್ಮ ಕೈಯ ಅಡುಗೆಯನ್ನು ಅವರ ಜನ ತಿನ್ನುವುದಿಲ್ಲ. ಆದರೂ ಒಂದು ದಿನ ಮುದ್ದೆ, ಹುರುಳಿ ಸಾರು ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಟ್ಟೆ. ಅವರು ಮುದ್ದೆ ನೋಡಿದರು, ರಸ್ತೆ ನೋಡಿದರು. ಬಸ್ಸಿಗೆ ಕಾಯುವವರು ನಿಂತಿದ್ದರು. ಎಲ್ಲರಿಗೂ ಕಾಣುವ ಹಾಗೆ ಬಾಗಿಲಿಗೆ ಬಂದು ಕೂತು ಮುರಿದು ತಿಂದರು. ತಿಂದು ಮುಗಿಸಿ, “ಉಪ್ಪು ಕಮ್ಮಿ ಆಗದೆ ಕಣವ್ವ” ಅಂದರು.

ಅಮ್ಮೀ ಹೋಗಿ ಅವ್ವ ಆಗಿತ್ತು. ನಾನೂ ಬುದ್ದಿ ಅನ್ನುವುದನ್ನು ಬಿಟ್ಟೆ. “ತಿನ್ನಾದಾದ್ರೆ ತಿನ್ನಿ. ನಾಳೀಕೆ ಆಕ್ತೀನಿ” ಅಂದೆ.

ಅವರು ನನ್ನ ಹತ್ತಿರ ಕ್ಷಮೆ ಕೇಳಲಿಲ್ಲ. ನಾನು ಕ್ಷಮಿಸಿದೆ ಅಂತ ಹೇಳಲೂ ಇಲ್ಲ. ಆ ಹುಡುಗ ಹೋದದ್ದು ಅವರ ದನಿಯಿಂದ, ನನ್ನ ಹುಡುಗಿ ಉಳಿದದ್ದೂ ಅವರ ದನಿಯಿಂದ. ಒಂದನ್ನು ಇನ್ನೊಂದರಿಂದ ಕಳೆಯಲು ನನಗೆ ಬರುವುದಿಲ್ಲ. ಮುದ್ದೆ ತೆಗೆದುಕೊಂಡು ಹೋಗಿ ಇಡುತ್ತಿದ್ದೆ, ತಿನ್ನುತ್ತಿದ್ದರು. ಅಷ್ಟೇ ನಮ್ಮ ಲೆಕ್ಕ.

ಆಮೇಲೆ ಸೆಲ್‌ಫೋನ್ ಬಂದವು. ನಮ್ಮ ಕೇರಿಯವರ ಕೈಯಲ್ಲೂ ಬಂದವು. ಬೂತಿನ ಲೈನ್ ಕಿತ್ತರು. ಅವರು ಬೀಡಿ, ಬೆಂಕಿಪೊಟ್ಟಣ ಇಟ್ಟುಕೊಂಡು ಕೂತರು. ಯಾರಾದರೂ ಬೆಂಚಿನ ಮೇಲೆ ಕೂತು ಸೆಲ್‌ನಲ್ಲಿ ಕೂಗಾಡುತ್ತಿದ್ದರೆ, “ಮೊದ್ಲು ಏನ್ ಯೇಳ್ಬೇಕು ಅಂತ ಯೋಚ್ನೆ ಮಾಡ್ಲಾ” ಅಂತ ಒಳಗಿಂದಲೇ ಬೈಯುತ್ತಿದ್ದರು.

ಒಂದು ಮಾಗಿಯಲ್ಲಿ ಕೆಮ್ಮು ಹಿಡಿಯಿತು. ಚಾಮರಾಜನಗರದ ಆಸ್ಪತ್ರೆಗೆ ಹೋಗಿ ಅಂದರೆ ಕೇಳಲಿಲ್ಲ. ಒಂದು ಬೆಳಗ್ಗೆ ಮುದ್ದೆ ತೆಗೆದುಕೊಂಡು ಹೋದಾಗ ಬಲಗಿವಿ ಮೇಜಿನ ಮೇಲೆ ಆನಿಸಿಕೊಂಡು ಕೂತಲ್ಲೇ ಹೋಗಿದ್ದರು. ಮುಟ್ಟಿ ನೋಡಿದೆ, ತಣ್ಣಗಿತ್ತು. ಕೂಗಿ ಹೇಳಿದವಳು ನಾನೇ. ಬದುಕಿದ್ದಾಗ ಬಾರದ ಅಣ್ಣನ ಮನೆಯವರು ಹೆಣಕ್ಕೆ ಬಂದರು. “ದೂರ ನಿಂತ್ಕಳಮ್ಮೀ” ಅಂದರು. ನಿಂತೆ. ಮಣ್ಣು ಮಾಡುವಾಗ ನಮ್ಮನ್ನು ಬೇಲಿಯಾಚೆ ನಿಲ್ಲಿಸಿದರು. ನಮ್ಮ ಕೇರಿಯವರು ಯಾರೂ ಕರೆಯದೆ ತಮಟೆ ತಂದಿದ್ದರು. ಬೇಲಿಯಾಚೆಯಿಂದಲೇ ಬಡಿದರು.

ಮೊಮ್ಮಗಳು ಭಾನುವಾರ ಫೋನ್ ಮಾಡುತ್ತಾಳೆ. ನನ್ನ ಸೆಲ್‌ಗೇ ಬರುತ್ತದೆ. ಆ ಭಾನುವಾರ ನಾನು ಮನೆಯಲ್ಲಿರಲಿಲ್ಲ. ಬೂತಿನ ಬೆಂಚಿನ ಮೇಲೆ ಹೋಗಿ ಕೂತೆ. ಬಾಗಿಲಿಗೆ ಬೀಗ. ಆ ಬೀಗದ ಮುಂದೆ ಬಾಯಿ ಬಿಟ್ಟೆ. ಮೊದಲು ಬಂದದ್ದು ‘ಬೂತಿನಯ್ಯಂಗೆ ಉಷಾರಿಲ್ಲ’ ಅಂತ. ಛೀ ಅಂದುಕೊಂಡು ಮತ್ತೆ ಮೊದಲಿಂದ ಶುರು ಮಾಡಿದೆ. ಒಂದು ಸಲ ದನಿ ನಡುಗಿತು. ಇನ್ನೊಂದು ಸಲ. ಬಸ್ಸೊಂದು ಬಂದು ಹೋಯಿತು. ಇನ್ನೊಂದು ಸಲ.

ಫೋನ್ ಬಂತು.

“ಬೂತಿನಯ್ಯ ಸತ್ರು” ಅಂದೆ.

ಅವಳು, ಅವರ ಹಾಗೇ, “ಆಮೇಲೆ?” ಅಂದಳು.

ಎಲ್ಲ ಹೇಳಿದೆ. ಹೇಗೆ ಕೂತಿದ್ದರು, ಯಾರು ಮಣ್ಣು ಹಾಕಿದರು, ನಮ್ಮನ್ನು ಎಲ್ಲಿ ನಿಲ್ಲಿಸಿದರು, ತಮಟೆ ಎಷ್ಟು ಹೊತ್ತು ಬಡಿದರು. ಅವಳು ಅಳುತ್ತಿದ್ದಳು. ನಾನು ಅಳಲಿಲ್ಲ. ನನ್ನದನ್ನು ಬೆಂಚಿನ ಮೇಲೆ ಮೊದಲೇ ಮುಗಿಸಿಕೊಂಡಿದ್ದೆ.